ರೀಫ್ ಟ್ಯಾಂಕಿಗೆ ಕೃತಕ ಕಲ್ಲುಗೋಡೆ: ಫೋಮೋ, ಸಿಮೆಂಟೋ? ತೇಲದಂತೆ, ಕೊಳೆಯದಂತೆ ಕಟ್ಟುವುದು ಹೇಗೆ?

ಪ್ರಶ್ನೆ: 120×50×50 ಸೆಂ.ಮೀ. ಅಳತೆಯ ಹೊಸ ರೀಫ್ ಟ್ಯಾಂಕ್, ಅಂದರೆ ಉಪ್ಪುನೀರಿನಲ್ಲಿ ಹವಳ, ಮೀನು ಸಾಕುವ ಗಾಜಿನ ತೊಟ್ಟಿ, ಇದೆ, ಇನ್ನೂ ನೀರು ತುಂಬಿಲ್ಲ. ಹಿಂದಿನ ಗಾಜು ಪೂರ್ತಿ ಮುಚ್ಚುವಂತೆ ಕಲ್ಲಿನ ಗೋಡೆಯೊಂದನ್ನು ನಾನೇ ಮಾಡಿ, ಅದರಿಂದ ಮುಂದಕ್ಕೆ ಚಾಚಿದ ಕಲ್ಲುಗಳ ಮೇಲೆ ಹವಳ ಕೂರಿಸಬೇಕೆಂದಿದ್ದೇನೆ. ಕೆಲವರು ಸ್ಪ್ರೇ ಫೋಮ್ ಬಳಸಿ ಅನ್ನುತ್ತಾರೆ, ಕೆಲವರು ಸಿಮೆಂಟ್ ಅನ್ನುತ್ತಾರೆ. ಫೋಮ್ ತೇಲಿ ಕಿತ್ತು ಬರುವುದಿಲ್ಲವೇ? ಸಿಮೆಂಟ್‌ನಿಂದ ಪಿಎಚ್ ಏರುವುದಿಲ್ಲವೇ? ಏನೇನು ಸಾಮಾನು, ಎಷ್ಟು ಬೇಕು?

ಉತ್ತರ: ನಿಮ್ಮ ಎರಡು ಭಯವೂ ಸರಿಯಾದದ್ದೇ. ಆದರೆ ಇಂಥ ಗೋಡೆಗಳನ್ನು ಹೆಚ್ಚಾಗಿ ಹಾಳು ಮಾಡುವುದು ನೀವು ಕೇಳದೇ ಬಿಟ್ಟ ಮೂರನೆಯ ವಿಷಯ: ಗೋಡೆಗೂ ಹಿಂದಿನ ಗಾಜಿಗೂ ನಡುವೆ ನಿಂತುಬಿಡುವ ನೀರು. ಗೋಡೆ ಕಲ್ಲಿನಂತೆ ಕಾಣುವಂತೆ ಮಾಡುವುದು ಕಷ್ಟವಲ್ಲ, ಒಂದು ವರ್ಷ ಕಳೆದರೆ ಪಾಚಿ ಮತ್ತು ಕೋರಲೈನ್ (ಕಲ್ಲಿನ ಮೇಲೆ ಸುಣ್ಣದ ಪದರದಂತೆ ಬೆಳೆಯುವ ಕೆಂಪು ಪಾಚಿ) ಸೇರಿ ಆ ಕೆಲಸವನ್ನು ತಾವೇ ಮುಗಿಸುತ್ತವೆ. ತಲೆ ಓಡಿಸಬೇಕಾದದ್ದು ಅದರ ಬೆನ್ನಿನ ಬಗ್ಗೆ.

ನಿಮ್ಮ ಟ್ಯಾಂಕಿಗೆ ನನ್ನ ಸಲಹೆ ಇಷ್ಟು: ಗೋಡೆಯ ಮೈ ಫೋಮ್ ಮತ್ತು ಕಲ್ಲಿನ ಚಪ್ಪಡಿಗಳದ್ದಾಗಿರಲಿ, ಪ್ಲಾಸ್ಟಿಕ್ ಜಾಲರಿಯ ಮೇಲೆ, ಎರಡು ತುಂಡುಗಳಲ್ಲಿ. ಹವಳ ಕೂರುವ ಚಾಚುಗಳು ಮಾತ್ರ ಸಿಮೆಂಟಿನವು, ಬೇಕೆಂದಾಗ ಕಳಚುವಂಥವು. ಇಡೀ ಗೋಡೆಯನ್ನೇ ಸಿಮೆಂಟಿನಲ್ಲಿ ಎರಕ ಹೊಯ್ಯಲು ಹೋಗಬೇಡಿ. 117×45 ಸೆಂ.ಮೀ. ಅಗಲದ, 4 ಸೆಂ.ಮೀ. ದಪ್ಪದ ಸಿಮೆಂಟ್ ಹಲಗೆ ಸುಮಾರು 40 ಕಿಲೋ ತೂಗುತ್ತದೆ. ಅದನ್ನು ವಾರಗಟ್ಟಲೆ ನೆನೆಹಾಕುವಷ್ಟು ದೊಡ್ಡ ತೊಟ್ಟಿ ಬೇಕು, ಗಾಜಿನ ಪೆಟ್ಟಿಗೆಯೊಳಗೆ ಇಳಿಸುವಾಗ ಕೈ ಜಾರಿದರೆ ತಳವೇ ಹೋಯಿತು. ಹಸಿ ಸಿಮೆಂಟನ್ನು ನೇರವಾಗಿ ಗಾಜಿಗೆ ಮೆತ್ತುವುದಂತೂ ಬೇಡವೇ ಬೇಡ. ಅದರ ಕ್ಷಾರ ಗಾಜಿನ ಮೇಲ್ಮೈಯನ್ನು ತಿಂದು ಮಬ್ಬು ಮಾಡುತ್ತದೆ. ಫೋಮ್ ಮೇಲೆ ತೆಳ್ಳಗೆ ಸಿಮೆಂಟ್ ಬಳಿಯುವ ರೂಢಿಯೂ ಇದೆ. ಫೋಮ್ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ, ಹಾಗಾಗಿ ಅಂಚುಗಳಲ್ಲಿ ಬಿರುಕು ಬಿಟ್ಟು ಸಿಪ್ಪೆ ಏಳುತ್ತದೆ.

ತೇಲುವ ಬಲದ ಲೆಕ್ಕ

ಗಟ್ಟಿಯಾದ ಸ್ಪ್ರೇ ಫೋಮಿನ ಸಾಂದ್ರತೆ ಘನಮೀಟರಿಗೆ ಸುಮಾರು 20ರಿಂದ 35 ಕಿಲೋ. ಸಮುದ್ರದ ನೀರಿನದು 1,025 ಕಿಲೋ. ಅಂದರೆ ನೀರಿನಡಿಯಲ್ಲಿರುವ ಪ್ರತಿ ಲೀಟರ್ ಫೋಮ್ ಹೆಚ್ಚುಕಡಿಮೆ ಒಂದು ಕಿಲೋ ಬಲದಿಂದ ಮೇಲಕ್ಕೆ ತಳ್ಳುತ್ತದೆ. ನಿಮ್ಮ ಗೋಡೆಯ ಅಳತೆ 117×45 ಸೆಂ.ಮೀ., ಫೋಮಿನ ಸರಾಸರಿ ದಪ್ಪ 4 ಸೆಂ.ಮೀ. ಎಂದುಕೊಂಡರೆ 21 ಲೀಟರ್ ಫೋಮ್. ಮೇಲಕ್ಕೆ ತಳ್ಳುವ ಬಲ ಸುಮಾರು 21 ಕಿಲೋ.

ಕಲ್ಲಿನ ಭಾರ ಇದನ್ನು ಸರಿದೂಗಿಸುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಹವಳದ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿಗಿಳಿದಾಗ ಅದರ ಒಣ ತೂಕದಲ್ಲಿ ಕೆಲಸಕ್ಕೆ ಬರುವುದು ಶೇ 63ರ ಆಸುಪಾಸು ಮಾತ್ರ. 21 ಕಿಲೋ ಬಲವನ್ನು ಕಲ್ಲಿನಿಂದಲೇ ಅದುಮಬೇಕಾದರೆ 33 ಕಿಲೋ ಒಣಕಲ್ಲು (ಜೀವವಿಲ್ಲದ, ಒಣಗಿದ ಹವಳದ ಕಲ್ಲು) ಬೇಕು. ಗೋಡೆಗೆ ನೀವು ಅಂಟಿಸುವುದು ಹೆಚ್ಚೆಂದರೆ 12 ಕಿಲೋ, ಅದರಿಂದ ಸಿಗುವುದು ಏಳೂವರೆ ಕಿಲೋ. ಉಳಿದ 13–14 ಕಿಲೋ ಬಲವನ್ನು ಹಗಲೂ ರಾತ್ರಿ ತಡೆದು ಹಿಡಿಯಬೇಕಾದದ್ದು ಸಿಲಿಕೋನ್.

ಒಳ್ಳೆಯ ಸಿಲಿಕೋನಿಗೆ ಇದು ದೊಡ್ಡ ಹೊರೆಯಲ್ಲ. ಎರಡು ತುಂಡುಗಳಿಗೆ ಹಂಚಿದರೆ ಒಂದೊಂದಕ್ಕೆ ಏಳು ಕಿಲೋ, ಮುಂದೆ ಹೇಳುವ ರೀತಿಯಲ್ಲಿ ಹಚ್ಚಿದರೆ ಅಂಟಿನ ವಿಸ್ತೀರ್ಣ ತುಂಡಿಗೆ 500 ಚದರ ಸೆಂ.ಮೀ.ಗೂ ಹೆಚ್ಚು. ದೌರ್ಬಲ್ಯ ಇರುವುದು ಇನ್ನೊಂದು ಕಡೆ. ಸಿಲಿಕೋನ್ ಗಾಜನ್ನು ಬಿಡದೆ ಹಿಡಿಯುತ್ತದೆ, ಆದರೆ ಜಾಲರಿಯ ಪಾಲಿಸ್ಟೈರೀನ್ ಪ್ಲಾಸ್ಟಿಕನ್ನು ಅಷ್ಟಾಗಿ ಹಿಡಿಯುವುದಿಲ್ಲ. ಗೋಡೆ ಕಿತ್ತು ಬಂದ ಕಡೆಗಳಲ್ಲಿ ಸಿಲಿಕೋನ್ ಗಾಜಿನ ಮೇಲೆ ಅಚ್ಚುಕಟ್ಟಾಗಿ ಉಳಿದಿರುತ್ತದೆ, ಜಾಲರಿ ಮಾತ್ರ ಸಿಪ್ಪೆ ಸುಲಿದಂತೆ ಬಿಟ್ಟಿರುತ್ತದೆ. ಅದಕ್ಕೇ ಸಿಲಿಕೋನ್ ಜಾಲರಿಯ ಕಿಂಡಿಗಳೊಳಗೆ ಹೊಕ್ಕು ಕಚ್ಚಿಕೊಳ್ಳಬೇಕು. ನುಣುಪಾದ ಹಾಳೆಗಿಂತ ಜಾಲರಿ ಮೇಲು ಎನ್ನುವುದು ಇದೇ ಕಾರಣಕ್ಕೆ.

ಸಾಮಾನು

ಎಗ್‌ಕ್ರೇಟ್ ಜಾಲರಿ, ಅಂದರೆ ಟ್ಯೂಬ್‌ಲೈಟ್‌ಗಳ ಕೆಳಗೆ ಕೂರಿಸುವ ಚೌಕುಳಿ ಪ್ಲಾಸ್ಟಿಕ್: 58.5×45 ಸೆಂ.ಮೀ.ನ ಎರಡು ತುಂಡು. ಟ್ಯಾಂಕಿನ ಮೇಲ್ಭಾಗದಲ್ಲಿ ಅಡ್ಡಪಟ್ಟಿ ಇದ್ದರೆ ಕತ್ತರಿಸುವ ಮೊದಲೇ ರಟ್ಟಿನಲ್ಲಿ ಅಚ್ಚು ತೆಗೆದು ಒಳಗೆ ತೂರಿಸಿ ನೋಡಿ. ಫೋಮ್ ಉಬ್ಬಿದ ಮೇಲೆ ದಪ್ಪವೂ ಹೆಚ್ಚುತ್ತದೆ. ಕೊಠಡಿಯಲ್ಲಿ ಸೊಗಸಾಗಿ ಮುಗಿದ ಗೋಡೆ ಟ್ಯಾಂಕಿನ ಬಾಯಲ್ಲಿ ಹಿಡಿಯದೆ ಹೋಗುವುದು ಅಪರೂಪವೇನಲ್ಲ.

ಫೋಮ್ 750 ಮಿ.ಲೀ.ನ ಮೂರು ಡಬ್ಬಿ. ಒಂದೇ ಡಬ್ಬಿ 30–40 ಲೀಟರ್ ಉಬ್ಬುತ್ತದೆಂದು ಮೇಲೆ ಬರೆದಿರಬಹುದು. ಪದರ ಪದರವಾಗಿ ಹಾಕಿ, ಮರಳು ಒತ್ತಿ, ಕೆತ್ತಿ ಎಸೆದ ಮೇಲೆ ಕೈಗೆ ಉಳಿಯುವುದು ಅದರ ಅರ್ಧಕ್ಕಿಂತ ಕಡಿಮೆ. ಕೊಳ ಅಥವಾ ಅಕ್ವೇರಿಯಂಗೆಂದೇ ಮಾಡಿದ ಕಪ್ಪು ಫೋಮ್ ತೆಗೆದುಕೊಳ್ಳಿ. ಕಟ್ಟಡದ ಕೆಲಸದ ಫೋಮ್‌ಗಳಲ್ಲಿ ಬೆಂಕಿ ನಿರೋಧಕ ರಾಸಾಯನಿಕ ಬೆರೆಸಿರುವುದು ಸಾಮಾನ್ಯ. ಜೊತೆಗೆ ಅವುಗಳ ಹಳದಿ ಬಣ್ಣ ಒಂದು ಕಲ್ಲು ಸರಿದರೂ ಎದ್ದು ಕಾಣುತ್ತದೆ.

ಸಿಲಿಕೋನ್ 300 ಮಿ.ಲೀ.ನ ನಾಲ್ಕು ಕೊಳವೆ. ಹಚ್ಚಿದಾಗ ವಿನಿಗರ್ ವಾಸನೆ ಬರುವ, ಬೂಷ್ಟು ನಿರೋಧಕ ಸೇರಿಸದ, ಶೇ 100 ಸಿಲಿಕೋನ್ ಇರಲಿ. ಸ್ನಾನದ ಮನೆಗೆಂದು ಮಾರುವುದರಲ್ಲಿ ಬೂಷ್ಟು ಕೊಲ್ಲುವ ವಿಷವಿರುತ್ತದೆ, ಅದು ಟ್ಯಾಂಕಿಗೆ ಸಲ್ಲದು. ಬಣ್ಣ ಕಪ್ಪು.

ಒಣಕಲ್ಲಿನ ಚಪ್ಪಡಿ 10–12 ಕಿಲೋ, 1.5ರಿಂದ 3 ಸೆಂ.ಮೀ. ದಪ್ಪ, ಒಂದು ಬದಿ ಸುಮಾರಾಗಿ ಸಪಾಟಾಗಿರಲಿ. ದೊಡ್ಡ ಕಲ್ಲನ್ನು ಉಳಿ, ಸುತ್ತಿಗೆಯಿಂದ ಸೀಳಿದರೆ ಸಾಕು. ಅದೇ ಕಲ್ಲಿನ ನುಚ್ಚು 3–4 ಕಿಲೋ, 1–2 ಮಿ.ಮೀ. ಹರಳಿನ ಅರಗೊನೈಟ್ (ಹವಳ, ಚಿಪ್ಪುಗಳ ಸುಣ್ಣದ) ಮರಳು 5 ಕಿಲೋ, ದ್ರಾವಕವಿಲ್ಲದ ಎರಡು ಭಾಗದ ಇಪಾಕ್ಸಿ 700 ಗ್ರಾಂ. ಪ್ಲಾಸ್ಟಿಕ್ ಟೈ, ಮಾಸ್ಕಿಂಗ್ ಟೇಪ್, 12 ಮಿ.ಮೀ. ಒಳವ್ಯಾಸದ ಪಿವಿಸಿ ಪೈಪು ಒಂದು ಮೀಟರ್, 10 ಮಿ.ಮೀ. ಫೈಬರ್‌ಗ್ಲಾಸ್ ಸರಳು ಒಂದು ಮೀಟರ್. ಕಬ್ಬಿಣದ ತಂತಿ, ಮೊಳೆ, ಸ್ಟೀಲ್ ಜಾಲರಿ ಇವು ಎಲ್ಲಿಯೂ ಬರಕೂಡದು. ಎಷ್ಟು ಮುಚ್ಚಿಟ್ಟರೂ ಉಪ್ಪುನೀರು ಅವನ್ನು ಹುಡುಕಿಕೊಂಡು ಹೋಗುತ್ತದೆ.

ಜಾಲರಿಯ ಸಿದ್ಧತೆ

ಫೋಮ್ ಡಬ್ಬಿ ಮುಟ್ಟುವ ಮೊದಲು ಟ್ಯಾಂಕಿನ ಹಿಂಗಾಜನ್ನು ಕಾಗದದ ಮೇಲೆ ಬರೆದುಕೊಳ್ಳಿ. ಓವರ್‌ಫ್ಲೋ, ಅಂದರೆ ಮೇಲಿನ ನೀರು ತುಳುಕಿ ಹೊರಹೋಗುವ ಹಲ್ಲು ಹಲ್ಲಾದ ಬಾಯಿ, ಇರುವ ಕಡೆ ಸುತ್ತ 8 ಸೆಂ.ಮೀ. ಖಾಲಿ ಬಿಡಿ. ಅದರ ಹಲ್ಲುಗಳಿಗೆ ಕಲ್ಲು ತಾಗುವಂತಿದ್ದರೆ ಪಾಚಿ ಸೇರಿ ಕಟ್ಟಿಕೊಳ್ಳುತ್ತದೆ, ನೀರಿನ ಮಟ್ಟ ಏರುತ್ತದೆ. ನೀರು ಮರಳಿ ಬರುವ ಪೈಪು, ಹೀಟರ್, ಸೆನ್ಸರ್ ಯಾವುದನ್ನೂ ಫೋಮ್ ಒಳಗೆ ಹೂಳಬೇಡಿ. ಕೆಡುವಂಥದ್ದು ಎಲ್ಲವೂ ಕೈಗೆ ಸಿಗುವಂತಿರಬೇಕು. ಅಯಸ್ಕಾಂತದಿಂದ ಹಿಡಿದುಕೊಳ್ಳುವ ಅಲೆ ಪಂಪುಗಳು ಗೋಡೆಯ ಮೇಲೆ ನಿಲ್ಲುವುದಿಲ್ಲ, ಆದ್ದರಿಂದ ಅವು ಎರಡು ಪಕ್ಕದ ಗಾಜಿಗೇ ಹೋಗಬೇಕು. ಗೋಡೆಯ ಎರಡೂ ತುದಿಯಲ್ಲಿ ಕಲ್ಲು ಮುಂದಕ್ಕೆ ಬಾಗಿ ಪಂಪಿನ ಬಾಯಿಗೆ ಅಡ್ಡವಾಗದ ಹಾಗೆ ತುದಿಯ 10 ಸೆಂ.ಮೀ. ತೆಳ್ಳಗಿಡಿ.

ಒಳಗಿನ ಆಳ ನಿಮಗೆ 48 ಸೆಂ.ಮೀ. ಗೋಡೆಗೆ 5, ಚಾಚಿಗೆ 12 ಕೊಟ್ಟರೆ ಮುಂದೆ 31 ಸೆಂ.ಮೀ. ಉಳಿಯುತ್ತದೆ. ಇದಕ್ಕಿಂತ ಹೆಚ್ಚು ಚಾಚಿದರೆ ಕೆಳಗೆಲ್ಲ ನೆರಳು. ಜಾಗಕ್ಕಿಂತ ಬೆಳಕೇ ಇಲ್ಲಿ ಹೆಚ್ಚು ಕಾಡುತ್ತದೆ. ದೀಪ ಟ್ಯಾಂಕಿನ ನಡುವೆ ತೂಗುವುದರಿಂದ ಹಿಂಗೋಡೆಗೆ ಬೆಳಕು ಓರೆಯಾಗಿ, ಕಡಿಮೆಯಾಗಿ ಬೀಳುತ್ತದೆ. ಚಾಚುಗಳನ್ನು ಒಂದರ ಕೆಳಗೊಂದು ಇಡದೆ ಅಡ್ಡಾದಿಡ್ಡಿಯಾಗಿ ಹಂಚಿ, ದೀಪವನ್ನು ಹತ್ತು ಸೆಂ.ಮೀ.ನಷ್ಟು ಹಿಂದಕ್ಕೆ ಸರಿಸಿ.

ಈಗ ಜಾಲರಿಗೆ ಬನ್ನಿ. ಅದರ ಹಿಂಬದಿಯಲ್ಲಿ ಅಂಚಿನ ಸುತ್ತ ಒಂದು ಸಾಲು ಕಿಂಡಿ, ಮತ್ತು ಪ್ರತಿ 8 ಸೆಂ.ಮೀ.ಗೆ ಒಂದರಂತೆ ಮೇಲಿಂದ ಕೆಳಕ್ಕೆ ಒಂದೊಂದು ಸಾಲು ಕಿಂಡಿ, ಇಷ್ಟನ್ನು ಹಿಂದೆ ಮುಂದೆ ಎರಡೂ ಕಡೆ ಮಾಸ್ಕಿಂಗ್ ಟೇಪಿನಿಂದ ಮುಚ್ಚಿ. ಫೋಮ್ ಒಳಹೋಗದ ಈ ಕಿಂಡಿಗಳಲ್ಲೇ ನಾಳೆ ಸಿಲಿಕೋನ್ ಕಚ್ಚಿಕೊಳ್ಳುವುದು. ಈ ಅರ್ಧ ಗಂಟೆಯ ಕೆಲಸವನ್ನು ಬಿಟ್ಟವರು ಆಮೇಲೆ ಗಟ್ಟಿಯಾದ ಫೋಮನ್ನು ಕಿಂಡಿ ಕಿಂಡಿಯಿಂದ ಕೆರೆಯುತ್ತ ಕೂರಬೇಕು.

ಜಾಲರಿಗಳು ಕೂಡುವ ಗೆರೆ ನೇರವಾಗಿರಬಾರದು. ಕಲ್ಲುಗಳನ್ನು ಒಂದು ಕಡೆ ಅಂಚಿನಿಂದ ಹೊರಕ್ಕೆ, ಇನ್ನೊಂದು ಕಡೆ ಒಳಕ್ಕೆ ಜೋಡಿಸಿ, ಸಂದು ಹಾವಿನಂತೆ ಹೊರಳಲಿ. ನೇರ ಸಂದನ್ನು ಎಷ್ಟು ಮುಚ್ಚಿದರೂ ಕಣ್ಣು ಹಿಡಿದುಬಿಡುತ್ತದೆ.

ಫೋಮ್ ಹಾಕುವುದು

ಬಯಲಿನಲ್ಲಿ ಅಥವಾ ಗಾಳಿಯಾಡುವ ಜಾಗದಲ್ಲಿ, ಹತ್ತಿರ ಬೆಂಕಿಯ ಸುಳಿವಿಲ್ಲದೆ ಮಾಡಿ. ಡಬ್ಬಿಯಿಂದ ಹೊರಬರುವ ಅನಿಲ ಹೊತ್ತಿಕೊಳ್ಳುವಂಥದ್ದು, ಹಸಿ ಫೋಮಿನಲ್ಲಿರುವ ಐಸೊಸಯನೇಟ್ ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದು. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಹಸಿ ಇರುವಾಗ ಮೆತ್ತಿದ್ದನ್ನು ಅಸಿಟೋನ್ ತೆಗೆಯುತ್ತದೆ, ಗಟ್ಟಿಯಾದ ಮೇಲೆ ಅಸಿಟೋನಿಗೂ ಜಗ್ಗದು.

ನೆಲದ ಮೇಲೆ ಪಾಲಿಥಿನ್ ಹಾಳೆ ಹಾಸಿ ಜಾಲರಿಯನ್ನು ಅದರ ಮೇಲೆ ಮಲಗಿಸಿ. ಫೋಮ್ ಪಾಲಿಥಿನ್‌ಗೆ ಅಂಟುವುದಿಲ್ಲ, ಆಮೇಲೆ ಸಲೀಸಾಗಿ ಬಿಟ್ಟುಬರುತ್ತದೆ. ದೊಡ್ಡ ಚಪ್ಪಡಿಗಳನ್ನು ಮೊದಲು ಪ್ಲಾಸ್ಟಿಕ್ ಟೈಗಳಿಂದ ಜಾಲರಿಗೆ ಕಟ್ಟಿಬಿಡಿ. ಬರೇ ಫೋಮಿನ ಮೇಲೆ ಕಲ್ಲಿಟ್ಟರೆ ಅದು ಉಬ್ಬುವಾಗ ಕಲ್ಲನ್ನು ಎತ್ತಿ, ವಾಲಿಸಿ, ನೀವು ಜೋಡಿಸಿದ ಚಿತ್ರವನ್ನೇ ಕೆಡಿಸುತ್ತದೆ. ಚಾಚು ಬರಬೇಕಾದ ಜಾಗದಲ್ಲಿ ಪಿವಿಸಿ ಪೈಪಿನ 4–5 ಸೆಂ.ಮೀ. ತುಂಡುಗಳನ್ನು, ಹಿಂದಿನ ಬಾಯಿಗೆ ಟೇಪ್ ಹಚ್ಚಿ, ಒಂದು ಚಾಚಿಗೆ ಎರಡರಂತೆ ಕಟ್ಟಿ. ಒಂದೇ ಇದ್ದರೆ ಚಾಚು ಸುತ್ತುತ್ತದೆ. ಪೈಪಿನ ಬಾಯಿ ಸ್ವಲ್ಪ ಮೇಲ್ಮುಖವಾಗಿರಲಿ.

ಫೋಮ್ ಗಟ್ಟಿಯಾಗುವುದು ತೇವದಿಂದ. ಜಾಲರಿಗೂ ಕಲ್ಲಿಗೂ ನೀರು ಚಿಮುಕಿಸಿ, ಕಲ್ಲುಗಳ ಸಂದಿನಲ್ಲಿ ಬೇಕಾದ ಎತ್ತರದ ಮೂರನೇ ಒಂದು ಭಾಗದಷ್ಟೇ ತುಂಬಿ, ಉಳಿದದ್ದಕ್ಕೆ ಅದೇ ಉಬ್ಬುತ್ತದೆ. ಒಂದೇ ಸಲ 4 ಸೆಂ.ಮೀ.ಗಿಂತ ದಪ್ಪ ಹಾಕಿದರೆ ಹೊರಗೆ ಸಿಪ್ಪೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಆ ಹಸಿ ತಿರುಳು ದಿನಗಳ ನಂತರ ಉಬ್ಬಿ ಗೋಡೆಯನ್ನು ಡೊಂಕು ಮಾಡಬಹುದು, ಕೆತ್ತುವಾಗ ಅಂಟಂಟಾಗಿ ಹೊರಬರಬಹುದು. ದಪ್ಪ ಬೇಕಾದಲ್ಲಿ ಎರಡು ಪದರ, ನಡುವೆ ನೀರಿನ ಚಿಮುಕು, ಕೆಲವು ಗಂಟೆಗಳ ಅಂತರ.

ಮರಳು, ನುಚ್ಚು ಒತ್ತುವ ಹೊತ್ತು ಬಹಳ ಸಣ್ಣದು. ಫೋಮ್ ಉಬ್ಬು ನಿಲ್ಲಿಸಿ, ಮೇಲ್ಮೈ ಬೆರಳಿಗೆ ಅಂಟುವಂತಿದ್ದು ಎಳೆ ಬರದ ಹಂತ. ಹವೆ ನೋಡಿಕೊಂಡು ಐದರಿಂದ ಹದಿನೈದು ನಿಮಿಷ. ಅದಕ್ಕೆ ಮೊದಲೇ ಒತ್ತಿದರೆ ಗುಳ್ಳೆಗಳು ಒಡೆದು ಫೋಮ್ ಕುಸಿಯುತ್ತದೆ, ತಡವಾದರೆ ಮರಳು ಉದುರಿಹೋಗುತ್ತದೆ. ಹಾಗಾಗಿ ಒಂದು ಸಲಕ್ಕೆ ಎರಡು ಅಂಗೈಯಷ್ಟೇ ಜಾಗ ಮಾಡುತ್ತ ಸಾಗಿ. ಕಲ್ಲಿನ ಮುಖದ ಮೇಲೆ ಹರಿದ ಫೋಮನ್ನು ಹಸಿಯಿರುವಾಗ ಒರೆಸಬೇಡಿ, ಕಲ್ಲಿನ ರಂಧ್ರಗಳೊಳಗೆ ಇನ್ನಷ್ಟು ಮೆತ್ತಿಕೊಳ್ಳುತ್ತದೆ. ಮರುದಿನ ಚಾಕುವಿನಿಂದ ಎಬ್ಬಿಸಿದರೆ ಹೆಚ್ಚಿನದೆಲ್ಲ ಬಿಟ್ಟುಬರುತ್ತದೆ.

24 ಗಂಟೆ ಕಳೆದ ಮೇಲೆ ತಿರುವಿ ಹಾಕಿ. ಹಿಂದಕ್ಕೆ ಉಬ್ಬಿ ಬಂದದ್ದನ್ನು ಉದ್ದ ಅಲಗಿನ ಚಾಕುವಿನಿಂದ ಜಾಲರಿಯ ಮಟ್ಟಕ್ಕೆ ಸವರಿ. ಹಿಂಬದಿ ಸಪಾಟಾಗಿದ್ದು ಕಿಂಡಿಗಳೆಲ್ಲ ಫೋಮಿನಿಂದ ತುಂಬಿರಬೇಕು, ಟೇಪ್ ಹಚ್ಚಿದ ಸಾಲುಗಳು ಮಾತ್ರ ಖಾಲಿ. ಮುಂಬದಿಯಲ್ಲಿ ಕಲ್ಲೂ ಮರಳೂ ಇಲ್ಲದೆ ಬರಿದಾಗಿ ಕಾಣುವ ಫೋಮನ್ನು ಕೆತ್ತಿ ಒರಟು ಮಾಡಿ ಇಪಾಕ್ಸಿ ಬಳಿಯಿರಿ, ಹಸಿಯಿರುವಾಗಲೇ ಮರಳು ಸುರಿದು ಒತ್ತಿ. ಇಪಾಕ್ಸಿಯನ್ನು ಒಂದು ಸಲಕ್ಕೆ 150–200 ಗ್ರಾಂಗಿಂತ ಹೆಚ್ಚು ಕಲಸಬೇಡಿ, ಬಟ್ಟಲಲ್ಲಿ ಗುಡ್ಡೆಯಾಗಿದ್ದರೆ ತಾನೇ ಕಾದು ಹೊಗೆಯಾಡಿ ಗಟ್ಟಿಯಾಗುತ್ತದೆ. ಏಳು ದಿನ ಬಿಟ್ಟು ಬೆಚ್ಚನೆಯ ನೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ.

ಇಪಾಕ್ಸಿ ಹೊದಿಕೆಯನ್ನು ಬರೀ ಅಲಂಕಾರ ಎಂದುಕೊಂಡು ಬಿಟ್ಟುಬಿಡುವವರಿದ್ದಾರೆ. ಕಡಲ ಮುಳ್ಳುಚೆಂಡುಗಳು ಪಾಚಿ ಕೆರೆಯುತ್ತ ಫೋಮನ್ನೂ ಕೆರೆದು ಹಾಕುತ್ತವೆ, ಟ್ರಿಗರ್ ಮೀನಿನಂಥವು ಕಚ್ಚಿ ಕಿತ್ತು ನೋಡುತ್ತವೆ. ಉದುರಿದ ಚೂರು ತೇಲಿ ಓವರ್‌ಫ್ಲೋಗೆ, ಅಲ್ಲಿಂದ ಪಂಪಿಗೆ ಹೋಗುತ್ತದೆ. ಅಲ್ಲದೆ ಬರಿಯ ಪಾಲಿಯುರೇಥೇನ್ ಬೆಳಕಿಗೆ, ಅದರಲ್ಲೂ ಅತಿನೇರಳೆಗೆ, ಒಡ್ಡಿಕೊಂಡರೆ ಕ್ರಮೇಣ ಪುಡಿಯಾಗುತ್ತದೆ.

ಸಿಮೆಂಟ್ ಚಾಚುಗಳು ಮತ್ತು ಪಿಎಚ್

ಇವನ್ನು ಗೋಡೆಗಿಂತ ಮೊದಲೇ ಶುರು ಮಾಡಿ, ಏಕೆಂದರೆ ನೆನೆಯಲು ಇವಕ್ಕೇ ಹೆಚ್ಚು ದಿನ ಬೇಕು. ಅಳತೆ ಪಾತ್ರೆಯ ಲೆಕ್ಕದಲ್ಲಿ ಬಿಳಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ಒಂದು ಪಾಲು, 2–5 ಮಿ.ಮೀ. ಹರಳಿನ ಚಿಪ್ಪಿನ ನುಚ್ಚು ಅಥವಾ ಒರಟು ಹವಳದ ಮರಳು ಮೂರು ಪಾಲು, ಕಲ್ಲುಪ್ಪು ಒಂದು ಪಾಲು. ಉಪ್ಪು ಕೊನೆಗೆ ಕರಗಿಹೋಗಿ ತೂತುಗಳನ್ನು ಬಿಡುತ್ತದೆ. ಆದರೆ ಸರಳು ಹೂಳುವ ಬುಡದ ಭಾಗಕ್ಕೆ ಉಪ್ಪಿಲ್ಲದ ಮಿಶ್ರಣ ಹಾಕಿ, ತೂತು ಬಿದ್ದ ಕಡೆ ಬಲ ಕಡಿಮೆ. ನುಚ್ಚನ್ನು ಮೊದಲು ನೀರಿನಲ್ಲಿ ತೋಯಿಸಿ ಬಸಿದು, ಒಂದು ಲೀಟರ್ ಸಿಮೆಂಟಿಗೆ ಅರ್ಧ ಲೀಟರ್ ನೀರಿನಿಂದ ಆರಂಭಿಸಿ, ಬೇಕಾದಷ್ಟೇ ಸೇರಿಸುತ್ತ ಹೋಗಿ. ಉಪ್ಪನ್ನು ಕೊನೆಯಲ್ಲಿ ಬೆರೆಸಿ. ಹದ ರವೆ ಉಂಡೆಯದ್ದು: ಹಿಡಿಯಲ್ಲಿ ಅಮುಕಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ನೀರು ಹೆಚ್ಚಾದರೆ ಸಿಮೆಂಟ್ ಹಾಲು ಕೆಳಗಿಳಿದು ರಂಧ್ರಗಳೆಲ್ಲ ಮುಚ್ಚುತ್ತವೆ, ಮೇಲ್ಮೈ ನುಣ್ಣಗಾಗಿ ಪಾದಚಾರಿ ಮಾರ್ಗದ ಕಲ್ಲಿನಂತಾಗುತ್ತದೆ.

ಒದ್ದೆ ಮರಳಿನಲ್ಲಿ ಕೈಯಿಂದ ಗುಳಿ ಮಾಡಿ ಅದರಲ್ಲೇ ಎರಕ ಹಾಕಿ. ಬುಡ 4, ತುದಿ 2 ಸೆಂ.ಮೀ. ದಪ್ಪ. ಎರಡು ಫೈಬರ್‌ಗ್ಲಾಸ್ ಸರಳುಗಳು ಬುಡದೊಳಗೆ 5 ಸೆಂ.ಮೀ., ಹೊರಗೆ 4 ಸೆಂ.ಮೀ. ಇರಲಿ. ಅವುಗಳ ನಡುವಿನ ಅಂತರ ಗೋಡೆಯ ಪೈಪುಗಳಿಗೆ ಸರಿಹೊಂದುವಂತೆ ರಟ್ಟಿನಲ್ಲಿ ತೂತು ಮಾಡಿ ಅದರಲ್ಲಿ ಸಿಕ್ಕಿಸಿ. ಹವಳದ ಪ್ಲಗ್‌ಗಳಿಗೆ (ಹವಳದ ತುಣುಕು ಅಂಟಿಸಿ ಮಾರುವ ಪುಟ್ಟ ಬಿರಡೆಗಳಿಗೆ) ಗುಳಿ ಬೇಕಿದ್ದರೆ ಹಸಿಯಿರುವಾಗಲೇ ಎಣ್ಣೆ ಹಚ್ಚದ 10–12 ಮಿ.ಮೀ. ಕಡ್ಡಿ ಚುಚ್ಚಿ, ಕೆಲವು ಗಂಟೆಗಳ ಬಳಿಕ ತಿರುಗಿಸಿ ತೆಗೆಯಿರಿ. ಎರಡು ದಿನ ಪ್ಲಾಸ್ಟಿಕ್ ಮುಚ್ಚಿಟ್ಟು, ಅಚ್ಚಿನಿಂದ ತೆಗೆದು, ವಾರವಿಡೀ ತೇವ ಆರದಂತೆ ನೋಡಿಕೊಳ್ಳಿ.

ಆಮೇಲೆ ಸಿಹಿನೀರಿನಲ್ಲಿ ನೆನೆಹಾಕಿ. ಸಿಮೆಂಟ್ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಸುಣ್ಣದ ತಿಳಿಯಲ್ಲಿರುವುದೇ, ಉಳಿಯುತ್ತದೆ. ಹೊಸ ಸಿಮೆಂಟ್ ಕಲ್ಲಿನ ನೀರು ಪಿಎಚ್ 12 ದಾಟುವುದು ಇದರಿಂದ. ಟ್ಯಾಂಕಿಗೆ ಅದು ಸೋರಿದರೆ ಪಿಎಚ್ ಏರುವುದಷ್ಟೇ ಅಲ್ಲ, ನೀರಿನ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಹಿಟ್ಟಾಗಿ ಒತ್ತರಿಸಿ ಪಂಪು, ಹೀಟರ್‌ಗಳ ಮೇಲೆ ಕೂರುತ್ತದೆ, ಕ್ಷಾರತೆ (ಪಿಎಚ್ ಹೆಚ್ಚುಕಡಿಮೆಯಾಗದಂತೆ ತಡೆಯುವ ಕಾರ್ಬೊನೇಟ್‌ಗಳ ಪ್ರಮಾಣ) ಇಳಿಯುತ್ತದೆ. ಮೊದಲ ವಾರ ದಿನಾ ನೀರು ಬದಲಿಸಿ, ಬಳಿಕ ವಾರಕ್ಕೆರಡು ಸಲ. ಆರರಿಂದ ಎಂಟು ವಾರ ಹಿಡಿಯುತ್ತದೆಂದು ಲೆಕ್ಕ ಹಾಕಿಕೊಳ್ಳಿ. ವಿನಿಗರ್‌ನಲ್ಲಿ ಅದ್ದಿ ಬೇಗ ಮುಗಿಸುವ ಉಪಾಯ ಮೇಲ್ಮೈಗಷ್ಟೇ ಸೀಮಿತ. ಒಳಗಿನ ಸುಣ್ಣ ಹಾಗೇ ಇರುತ್ತದೆ, ಹೊರಗಿನ ಚಿಪ್ಪಿನ ನುಚ್ಚು ಮಾತ್ರ ಕರಗುತ್ತದೆ.

ಪರೀಕ್ಷೆಯಲ್ಲಿ ಅನೇಕರು ಎಡವುತ್ತಾರೆ. ಆರ್‌ಒ ನೀರಿನಲ್ಲಿ ಚಾಚನ್ನು ಮುಚ್ಚಿಟ್ಟು ಅಳೆದರೆ ತಿಂಗಳಾದರೂ ಪಿಎಚ್ 9.5ಕ್ಕಿಂತ ಕೆಳಗೆ ಬರದಿರಬಹುದು. ಅದಕ್ಕೆ ಸಿಮೆಂಟೇ ಕಾರಣವಾಗಬೇಕಿಲ್ಲ. ಇಂಗಾಲದ ಡೈಆಕ್ಸೈಡ್ ಸಿಗದ ಶುದ್ಧ ನೀರಿನಲ್ಲಿ ಬರೇ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿದರೂ ಪಿಎಚ್ 9.9ರವರೆಗೆ ಹೋಗುತ್ತದೆ. ಗಾಳಿಯೊಂದಿಗೆ ಸಮತೋಲನಕ್ಕೆ ಬಂದಾಗ ಅದೇ 8.3ರ ಬಳಿ ನಿಲ್ಲುತ್ತದೆ. ಆದ್ದರಿಂದ ಏರ್‌ಸ್ಟೋನ್ ಹಾಕಿ 24 ಗಂಟೆ ಗಾಳಿಯಾಡಿಸಿ ಅಳೆಯಿರಿ. 8.5ರ ಒಳಗೆ ಬಂದರೆ ಕೊನೆಯ ಪರೀಕ್ಷೆ ಉಪ್ಪುನೀರಿನಲ್ಲಿ: ಬಕೆಟ್‌ನಲ್ಲಿ ಚಾಚನ್ನಿಟ್ಟು ಎರಡು ದಿನ ನೀರಾಡಿಸಿ, ಪಿಎಚ್ ಮತ್ತು ಕ್ಷಾರತೆ ಎರಡೂ ಬದಲಾಗದಿದ್ದರೆ ಸಿದ್ಧ.

ಟ್ಯಾಂಕಿಗೆ ಅಂಟಿಸುವುದು

ಖಾಲಿ ಟ್ಯಾಂಕನ್ನು ಇಬ್ಬರು ಹಿಡಿದು, ಕೆಳಗೆ ದಪ್ಪ ಥರ್ಮೋಕೋಲ್ ಹಾಸಿ, ಹಿಂಗಾಜು ನೆಲಕ್ಕೆ ಬರುವಂತೆ ಮಲಗಿಸಿ. ಗೋಡೆ ಈಗ ಮಲಗಿರುತ್ತದೆ, ಜಾರುವ ಪ್ರಶ್ನೆಯಿಲ್ಲ. ಗಾಜನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಒಂದು ತುಂಡನ್ನು ಅಂಟು ಹಚ್ಚದೆ ಇಟ್ಟು ನೋಡಿ, ನಂತರ ಟೇಪ್ ತೆಗೆದು, ಖಾಲಿ ಸಾಲುಗಳಲ್ಲಿ ಕಿಂಡಿ ತುಂಬಿ ಉಬ್ಬುವಷ್ಟು ಸಿಲಿಕೋನ್ ಹಾಕಿ. ಅಂಚಿನ ಸಾಲು ಎಲ್ಲೂ ಕಡಿಯದೆ ಸುತ್ತು ಪೂರೈಸಬೇಕು. ಗಾಜಿಗೆ ಒತ್ತಿ, ಮೇಲೆ ಸಮನಾಗಿ ಹತ್ತು ಕಿಲೋ ಭಾರ ಇಡಿ.

ಮೇಲಿಂದ ಕೆಳಕ್ಕೆ ಸಾಲುಗಳು ಯಾಕೆಂದರೆ, ಅಲ್ಲಲ್ಲಿ ಚುಕ್ಕೆಯಂತೆ ಸಿಲಿಕೋನ್ ಇಟ್ಟರೂ ಗೋಡೆ ನಿಲ್ಲುತ್ತದೆ, ಆದರೆ ಹಿಂದೆ ಒಂದೇ ದೊಡ್ಡ ಪೊಳ್ಳು ಉಳಿಯುತ್ತದೆ. ಅಂಚಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ನೀರು ಹೊಕ್ಕು ನಿಲ್ಲುತ್ತದೆ. ಅದರ ಆಮ್ಲಜನಕ ಬೇಗ ಮುಗಿಯುತ್ತದೆ. ಒಳಸೇರಿದ ಹೊಲಸನ್ನು ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾ ಕೊಳೆಸಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್ ಮಾಡುತ್ತವೆ. ಸಮುದ್ರದ ನೀರಿನಲ್ಲಿ ಸಲ್ಫೇಟಿಗೆ ಬರವಿಲ್ಲ. ಒಂದು ದಿನ ಗೋಡೆ ಅಲುಗಿ ಅದೆಲ್ಲ ಒಮ್ಮೆಗೇ ಹೊರಬಂದರೆ ಟ್ಯಾಂಕಿನಲ್ಲಿ ಸಾವು ಖಚಿತ. ಸಾಲುಗಳು ಪೊಳ್ಳನ್ನು ಕಿರಿದಾದ ಕೋಣೆಗಳಾಗಿ ಒಡೆಯುತ್ತವೆ, ಒಂದು ಸೋರಿದರೆ ಹಾನಿ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ಮಾತು: ಹಿಂಗಾಜಿಗೆ ಹೊರಗಿನಿಂದ ಬಣ್ಣ ಬಳಿಯಬೇಡಿ. ಗೋಡೆಯಿರುವಾಗ ಬಣ್ಣದ ಅಗತ್ಯವೇ ಇಲ್ಲ, ಟಾರ್ಚ್ ಹಿಡಿದು ಹಿಂದಿನಿಂದ ನೋಡಿದರೆ ಎಲ್ಲಿ ಕಪ್ಪಾಗುತ್ತಿದೆ ಎಂದು ತಿಳಿಯುತ್ತದೆ.

ಇದಕ್ಕೆ ಪೂರ್ತಿ ಎದುರಾದ ವಿಧಾನವೂ ಸರಿಯೇ: ಗೋಡೆಯ ಹಿಂದೆ 5 ಸೆಂ.ಮೀ. ಬಿಟ್ಟು, ಮೇಲೆ ಕೆಳಗೆ ತೆರೆದಿಟ್ಟು, ಅಲ್ಲಿ ಪಂಪಿನಿಂದ ನೀರು ಹರಿಸುವುದು. 48 ಸೆಂ.ಮೀ. ಆಳದ ಟ್ಯಾಂಕಿನಲ್ಲಿ ಅಷ್ಟು ಜಾಗ ಬಿಟ್ಟುಕೊಡಲು ನನಗಂತೂ ಮನಸ್ಸಾಗದು. ಎರಡರ ನಡುವಿನ ಅರ್ಧ ಮುಚ್ಚಿದ, ಅರ್ಧ ತೆರೆದ ಸ್ಥಿತಿಯೇ ಅಪಾಯ.

ಎರಡನೇ ತುಂಡೂ ಕೂತ ಮೇಲೆ ನಡುವಿನ ಸಂದಿಗೆ ಹಿಂದಿನಿಂದ ಮುಂದಿನವರೆಗೆ ಸಿಲಿಕೋನ್ ತುಂಬಿ, ಮುಖಕ್ಕೆ ನುಚ್ಚುಗಲ್ಲನ್ನು ಇಪಾಕ್ಸಿಯಲ್ಲಿ ಮೆತ್ತಿ. ಸಿಲಿಕೋನ್ ಗಾಳಿಯ ತೇವದಿಂದ ಹೊರಗಿನಿಂದ ಒಳಕ್ಕೆ, ದಿನಕ್ಕೆ ಎರಡು ಮೂರು ಮಿಲಿಮೀಟರಿನಂತೆ ಗಟ್ಟಿಯಾಗುತ್ತದೆ. ಗಾಜಿಗೂ ಫೋಮಿಗೂ ನಡುವೆ ಸಿಕ್ಕಿಕೊಂಡದ್ದಕ್ಕೆ ಗಾಳಿಯೇ ಸಿಗುವುದಿಲ್ಲ. ಡಬ್ಬಿಯ ಮೇಲೆ 24 ಗಂಟೆ ಎಂದಿದ್ದರೂ ಇಲ್ಲಿ ಎರಡು ವಾರ ಕಾಯಿರಿ. ಟ್ಯಾಂಕಿನೊಳಗೆ ಮೂಗಿಟ್ಟರೆ ವಿನಿಗರ್ ವಾಸನೆ ಬರುತ್ತಿದ್ದರೆ ಇನ್ನೂ ಕಾಯಿರಿ. ಚಾಚುಗಳನ್ನು ಕೊನೆಯಲ್ಲಿ ಪೈಪಿಗೆ ಸಿಕ್ಕಿಸಿದರಾಯಿತು, ಅಂಟು ಬೇಡ. ಸಡಿಲವಿದ್ದರೆ ಸರಳಿಗೆ ಪಿಟಿಎಫ್‌ಇ ಟೇಪ್ ಸುತ್ತಿ.

ನೀರು ತುಂಬಿದ ಮೇಲೆ

ಮೊದಲು ಸಿಹಿನೀರು, ಮೂರು ದಿನ. ಗೋಡೆಯ ಮೇಲಂಚಿಗೆ ಬೆರಳಿಟ್ಟು ಅಲುಗುತ್ತದೆಯೇ ನೋಡಿ, ಹಿಂದಿನಿಂದ ಟಾರ್ಚ್ ಹಾಕಿ ಎಲ್ಲಿ ನೀರು ಹೊಕ್ಕಿದೆ ಗುರುತು ಮಾಡಿಕೊಳ್ಳಿ. ತುಂಬುವಾಗ ಬಕೆಟ್ ಲೆಕ್ಕ ಬರೆದಿಡಿ. 46 ಸೆಂ.ಮೀ. ಮಟ್ಟಕ್ಕೆ ನಿಮ್ಮ ಟ್ಯಾಂಕ್ 260 ಲೀಟರ್ ಹಿಡಿಯಬೇಕಿತ್ತು, ಗೋಡೆಯೇ 25 ಲೀಟರಿನಷ್ಟು ಜಾಗ ನುಂಗಿರುತ್ತದೆ. ಮುಂದೆ ಕ್ಷಾರತೆ, ಕ್ಯಾಲ್ಸಿಯಂ ಸೇರಿಸುವಾಗ 300 ಲೀಟರ್ ಎಂದು ಲೆಕ್ಕ ಹಾಕಿದರೆ ಪ್ರತಿ ಸಲವೂ ಹೆಚ್ಚಾಗುತ್ತದೆ.

ಆ ನೀರು ಚೆಲ್ಲಿ ಉಪ್ಪುನೀರು ತುಂಬಿದ ಮೇಲೆ ಮೊದಲ ಒಂದೆರಡು ವಾರ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಹೊಲಸು ತೆಗೆಯುವ ಸಾಧನ) ಹುಚ್ಚೆದ್ದು ಉಕ್ಕಬಹುದು. ಹೊಸ ಸಿಲಿಕೋನ್, ಇಪಾಕ್ಸಿಗಳ ಶೇಷ ಅದು. ಸಕ್ರಿಯ ಇದ್ದಿಲು ಹಾಕಿಡಿ. ಫೋಮಿನ ರಂಧ್ರಗಳು ಒಂದಕ್ಕೊಂದು ಸೇರದೆ ಮುಚ್ಚಿರುವಂಥವು, ಬ್ಯಾಕ್ಟೀರಿಯಾ ಅದರ ಒಳಗೆ ಮನೆ ಮಾಡಲಾರವು. ಗೋಡೆ ದೊಡ್ಡದಿದೆ ಎಂದು ಟ್ಯಾಂಕಿನ ಉಳಿದ ಕಲ್ಲನ್ನು ಕಡಿಮೆ ಮಾಡಬೇಡಿ. ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಸಾಕಷ್ಟು ಬೆಳೆದಿವೆಯೇ ಎಂದು ತಿಳಿಯಲು 2 ಪಿಪಿಎಂ (ಲೀಟರಿಗೆ 2 ಮಿ.ಗ್ರಾಂ) ಅಮೋನಿಯಾ ಹಾಕಿ ನೋಡಿ, 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಮೀನು ಬೇಡ. ಒಣಕಲ್ಲು ಫಾಸ್ಫೇಟ್ ಬಿಡುವ ಸಾಧ್ಯತೆಯಿದೆ, ಅದನ್ನೂ ಅಳೆಯುತ್ತಿರಿ.

ಗೋಡೆಯ ಮೇಲೆ ಕಂದು ಡಯಾಟಮ್ (ಸೂಕ್ಷ್ಮ ಪಾಚಿ), ಆಮೇಲೆ ಹಸಿರು ಪಾಚಿ ಬಂದೇ ಬರುತ್ತವೆ. ಹೊರತೆಗೆದು ತಿಕ್ಕಲು ಆಗದ ಕಲ್ಲಾದ್ದರಿಂದ ಮೊದಲ ತಿಂಗಳು ದೀಪ ಕಡಿಮೆ ಹೊತ್ತು ಉರಿಸಿ, ಬಸವನಹುಳುಗಳನ್ನು ಬೇಗ ಬಿಡಿ. ಹವಳಗಳನ್ನು ಕುಟುಕಿ ಬೇಗ ಹಬ್ಬುವ ಏಪ್ಟೇಸಿಯಾ ಎಂಬ ಕಳೆ ಅನಿಮೋನಿ ಮಾತ್ರ ಒಳಗೆ ಬರಲೇಬಾರದು. ಕಲ್ಲನ್ನು ಎತ್ತಿ ಹೊರಗಿಟ್ಟು ಕೊಲ್ಲುವ ದಾರಿ ಇಲ್ಲಿಲ್ಲ, ಸಂದಿಯೊಳಗೆ ಹೊಕ್ಕರೆ ಸೂಜಿಯೂ ತಲುಪದು. ಹೊಸ ಹವಳಗಳನ್ನು ಪ್ಲಗ್‌ನಿಂದ ಬಿಡಿಸಿ, ಅದ್ದಿ ತೊಳೆದು, ಬೇರೆ ತೊಟ್ಟಿಯಲ್ಲಿ ನಾಲ್ಕಾರು ವಾರ ಇಟ್ಟು ನೋಡಿಯೇ ತನ್ನಿ. ಹಾಗೆಯೇ ಬೇಗ ಹಬ್ಬುವ ಮೆದು ಹವಳಗಳಾದ ಗ್ರೀನ್ ಸ್ಟಾರ್ ಪಾಲಿಪ್, ಝೀನಿಯಾ ಇವುಗಳ ಒಂದು ತುಣುಕು ಗೋಡೆಗೆ ತಾಗಿದರೂ ಕೆಲ ತಿಂಗಳಲ್ಲಿ ಗೋಡೆ ಪೂರ್ತಿ ಅವುಗಳದ್ದೇ. ಹಸಿರು ಹುಲ್ಲುಹಾಸಿನ ಗೋಡೆ ಬೇಕೆಂದಿದ್ದರೆ ಸರಿ. ಬೇಡವೆಂದರೆ ಅವನ್ನು ಮರಳಿನ ನಡುವೆ ಒಂಟಿ ಕಲ್ಲಿನ ಮೇಲಿಡಿ. ಬೆಲೆಬಾಳುವ, ನಿಧಾನವಾಗಿ ಬೆಳೆಯುವ ಹವಳಗಳನ್ನು ಗೋಡೆಗೆ ನೇರವಾಗಿ ಅಂಟಿಸದೆ ಚಾಚುಗಳ ಮೇಲೇ ಇಡಿ, ಕಾಯಿಲೆ ಬಂದರೆ ಚಾಚಿನ ಸಮೇತ ಕಳಚಿ ಹೊರತೆಗೆಯಬಹುದು.